ನೀವಾರದ ಮೀಸೆ

ನಾರಾಯಣ ಸೂಕ್ತ ಬಾಯಿಪಾಠವಿರುವವರು ನಿತ್ಯವೂ ನೀವಾರದ ಹೆಸರೆತ್ತುತ್ತಾರೆ. ಕಣ್ಣಾರೆ ಕಂಡವರು ಕಡಿಮೆ. ಎದೆಯೊಳಗಿನ ಜ್ವಾಲೆ ಎಷ್ಟು ಸಪೂರ ಎನ್ನುವುದಕ್ಕೆ ಅಲ್ಲಿ ಕೊಟ್ಟಿರುವ ಹೋಲಿಕೆ ಈ ಕಾಡುಭತ್ತದ ಕಾಳಿನ ಮೀಸೆ. ಹೋಲಿಸಿದವರು ಕೆರೆಯಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತೇ ನೋಡಿರಬೇಕು.

ನೀವೂ ಹಾಗೇ ನೋಡಿ. ಮಳೆ ಹಿಂದೆಗೆದು ಕೆರೆಯಂಚು ಕೆಸರಾಗುವ ಹೊತ್ತು, ಬೆಳಗಿನ ಎಳೆಬಿಸಿಲು ತೆನೆಯ ಹಿಂದಿರಲಿ. ಕಾಳು ಒಂದು ಸೆಂಟಿಮೀಟರ್ ದಾಟುವುದು ಅಪರೂಪ; ಮೀಸೆ ಮಾತ್ರ 4ರಿಂದ 10 ಸೆಂಟಿಮೀಟರ್. ಬುಡದಿಂದ ತುದಿಗೆ ಬೆರಳಾಡಿಸಿದರೆ ನುಣುಪು, ತುದಿಯಿಂದ ಬುಡಕ್ಕೆ ಎಳೆದರೆ ಗರಗಸ. ಕೆಸರಿಗೆ ಬಿದ್ದ ಕಾಳು ಮುಂದಕ್ಕೆ ಹೂತುಕೊಳ್ಳುತ್ತದೆಯೇ ಹೊರತು ಹಿಂದೆ ಬರುವುದಿಲ್ಲ. ಬೇಸಗೆಯನ್ನು ಬಿರಿದ ನೆಲದಲ್ಲಿ ನಿದ್ದೆ ಮಾಡಿ ಕಳೆದು, ಹೊಸ ಮಳೆಗೆ ಏಳುತ್ತದೆ. ತಾಯಿಗಿಡ ಅಷ್ಟರಲ್ಲಿ ತರಗು.

1965ರಲ್ಲಿ ಶರ್ಮ ಮತ್ತು ಶಾಸ್ತ್ರಿ ಎಂಬ ವಿಜ್ಞಾನಿಗಳು ಇದನ್ನು ಪ್ರತ್ಯೇಕ ಪ್ರಭೇದವೆಂದು ವಿವರಿಸಿ, ಹಳೆಯ ಹೆಸರನ್ನೇ ಉಳಿಸಿ 'ಒರೈಜಾ ನಿವಾರಾ' ಎಂದರು. ಆಳನೀರಿನ ಬಹುವಾರ್ಷಿಕ ಕಾಡುಭತ್ತವೂ ಇದೂ ಒಂದೇ ಎನ್ನುವವರು ಇದ್ದಾರೆ. ನಾನು ಶರ್ಮ-ಶಾಸ್ತ್ರಿಗಳ ಕಡೆ. ಹೊಂಡ ಬತ್ತುವುದರೊಳಗೆ ಹುಟ್ಟು, ಹೂವು, ಸಾವು ಮುಗಿಸುವ ಗಿಡದ ಬಾಳುವೆಯೇ ಬೇರೆ.

ತೆನೆ ಮುಟ್ಟಿದರೆ ಸಾಕು, ಬಲಿತ ಕಾಳು ಅಂಗೈಗೆ ಬೀಳುತ್ತದೆ. ಅದೂ ಎಲ್ಲ ಒಟ್ಟಿಗಲ್ಲ: ಮೇಲಿನದು ಉದುರುವಾಗ ಕೆಳಗಿನದು ಇನ್ನೂ ಹಾಲುಗಾಳು. ಕುಡುಗೋಲಿಗೆ ಸಿಗದ ಬೆಳೆ. ಕಾವ್ಯದಲ್ಲೂ ಇದು ಕಾಣುವುದು ಚೆಲ್ಲಿಕೊಂಡೇ: ಕಾಳಿದಾಸನ ದುಷ್ಯಂತ ಆಶ್ರಮದ ಗುರುತು ಹಿಡಿದ ಕುರುಹುಗಳಲ್ಲಿ ಗಿಳಿಯ ಪೊಟರೆಯಿಂದ ಮರದಡಿ ಚೆಲ್ಲಿದ್ದ ನೀವಾರವೂ ಒಂದು. ನಮ್ಮ ಗದ್ದೆಯ ಭತ್ತವೋ, ಉದುರುವುದನ್ನು ಮರೆತ ಭತ್ತ. ಆ ಮರೆವಿನಲ್ಲಿ ಒಂದೇ ವಂಶವಾಹಿಯ ಚಿಕ್ಕ ಬದಲಾವಣೆಗೆ ದೊಡ್ಡ ಪಾಲಿದೆ.

ಉಳದೆ ಬೆಳೆದದ್ದೆಂದು ಇದು ಋಷಿಗಳ ಅನ್ನ. ಋಷಿಪಂಚಮಿಯ ವ್ರತದವರಿಗೂ ಸಲ್ಲುತ್ತದೆ. ಆದರೆ ಇದರ ಋಣ ಉಳುವವರ ಮೇಲೂ ಇದೆ. 1970ರ ದಶಕದಲ್ಲಿ ಕಂದು ಜಿಗಿಹುಳು ಹೊತ್ತು ತಂದ 'ಗ್ರಾಸಿ ಸ್ಟಂಟ್' ವೈರಸ್ ಏಷ್ಯಾದ ಗದ್ದೆಗಳನ್ನು ಕುಗ್ಗಿಸಿದಾಗ, ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 6,000ಕ್ಕೂ ಹೆಚ್ಚು ಮಾದರಿಗಳನ್ನು ಸೋಸಿತು. ರೋಗಕ್ಕೆ ಬಗ್ಗದ್ದು ಉತ್ತರ ಪ್ರದೇಶದಿಂದ ಹೋಗಿದ್ದ ನೀವಾರದ ಒಂದೇ ಮಾದರಿ. ಅದರಲ್ಲೂ ಕೆಲವೇ ಗಿಡ. 1976ರಲ್ಲಿ ಬಂದ ಐಆರ್ 36 ತಳಿಯಲ್ಲಿ ಅದರದೇ ರಕ್ತ.

ಕಳೆದ ಸಲ ಒಂದು ತೆನೆ ಮುರಿದು ಜೇಬಿಗಿಟ್ಟು ತಂದೆ. ಮನೆಯಲ್ಲಿ ತೆಗೆದರೆ ಬರಿಯ ಕಡ್ಡಿ. ಮೂರು ಕಾಳು ಕಾಲುಚೀಲಕ್ಕೆ ಚುಚ್ಚಿಕೊಂಡಿದ್ದವು, ತಲೆ ಒಳಗೆ, ಮೀಸೆ ಹೊರಗೆ.