ಏಪ್ರಿಲ್ ಗಾಳಿಯೂ ಗ್ರಾಫಿಕ್ಸ್ ಕಾರ್ಡೂ

ಕಳೆದ ವಾರ ಮಾತು ಕೊಟ್ಟದ್ದು ರ‍್ಯಾಮ್ ಬಗ್ಗೆ. ಅದನ್ನು ಮೊದಲು ಮುಗಿಸಿಬಿಡುತ್ತೇನೆ. 16 ಜಿಬಿಯ ಒಂದೇ ಸ್ಟಿಕ್ ಹಾಕಿಸಿಕೊಂಡವರ ಪ್ರೊಸೆಸರ್‌ಗೆ ಮೆಮೊರಿಯ ದಾರಿ ಅರ್ಧವೇ ತೆರೆದಿರುತ್ತದೆ. 8 ಜಿಬಿಯ ಎರಡು ಸ್ಟಿಕ್ ಹಾಕಿ, ಅದೂ ಮದರ್‌ಬೋರ್ಡ್ ಜೊತೆ ಬಂದ ಪುಸ್ತಿಕೆ ಹೇಳಿದ ಸ್ಲಾಟುಗಳಲ್ಲೇ ಹಾಕಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡದಿದ್ದರೆ 3200ರ ಡಿಡಿಆರ್4 ಎಷ್ಟೋ ಮನೆಗಳಲ್ಲಿ 2133ರಲ್ಲೇ ವರ್ಷಗಟ್ಟಲೆ ಓಡುತ್ತಿರುತ್ತದೆ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿದೆಯೇ, 144 ಹರ್ಟ್ಸ್ ಮಾನಿಟರನ್ನು ವಿಂಡೋಸ್ 60ರಲ್ಲೇ ಇಟ್ಟಿದೆಯೇ ಎಂಬುದೆಲ್ಲ ಈ ಅಂಕಣದ ಹಳೆಯ ಓದುಗರಿಗೆ ಬಾಯಿಪಾಠ. ಇಷ್ಟು ಸಾಕು. ಈ ವಾರ ಬಂದ ಪತ್ರಗಳು ನನ್ನನ್ನು ಬೇರೆಡೆಗೆ ಎಳೆದಿವೆ.

ಯಲಹಂಕ ಉಪನಗರ, ಆರ್.ಟಿ. ನಗರ, ಮತ್ತಿಕೆರೆ. ಊರಿನ ಉತ್ತರ ಭಾಗದಿಂದ ಒಂದೇ ರೀತಿಯ ದೂರು: ‘ಡಿಸೆಂಬರ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ಗೇಮ್ ಈಗ ಅರ್ಧ ಗಂಟೆಗೆಲ್ಲ ಎಳೆಯೋಕೆ ಶುರು ಮಾಡುತ್ತೆ. ಅಂಗಡಿಯವರು ಕಾರ್ಡ್ ಹಳೇದಾಯ್ತು, ಹೊಸದು ಹಾಕಿಬಿಡಿ ಅಂತಾರೆ.’ ದಯವಿಟ್ಟು ಹಾಕಿಸಬೇಡಿ. ನಾಲ್ಕು ತಿಂಗಳಲ್ಲಿ ಯಾವ ಕಾರ್ಡೂ ಮುದಿಯಾಗುವುದಿಲ್ಲ. ಪಿಯುಸಿ ಪರೀಕ್ಷೆ, ಸಿಇಟಿ ಎಂದು ಮೂಲೆಯಲ್ಲಿ ಮಲಗಿದ್ದ ಕಂಪ್ಯೂಟರನ್ನು ಮಕ್ಕಳು ಮತ್ತೆ ಎಬ್ಬಿಸಿದ್ದು ವರ್ಷದ ಅತಿ ಸುಡುವ ವಾರಗಳಲ್ಲಿ. ಅದೂ ತಾರಸಿಯ ಕೆಳಗಿನ ಕೋಣೆಯಲ್ಲಿ, ಹಗಲೆಲ್ಲ ಕಾದ ಕಾಂಕ್ರೀಟು ಬಿಸಿಯನ್ನು ಒಳಗೆ ಬಿಡುವ ರಾತ್ರಿ ಹೊತ್ತಿನಲ್ಲಿ.

ಆದರೆ ಬಿಸಿಯೇ ಕಾರಣ ಎಂದು ನನ್ನ ಮಾತಿನ ಮೇಲೂ ನಂಬಬೇಡಿ, ಅಳೆಯಿರಿ. ಅಳೆಯುವುದು ಹೇಗೆ ಎಂಬುದಕ್ಕೆ ನಾನು ಮತ್ತೆ ಮತ್ತೆ ತೆರೆಯುವ ಬರಹ ಒಂದೇ: ಸ್ಕಾಟ್ ವಾಸನ್ 2011ರಲ್ಲಿ ‘ಟೆಕ್ ರಿಪೋರ್ಟ್’ಗೆ ಬರೆದ ‘ಇನ್‌ಸೈಡ್ ದಿ ಸೆಕೆಂಡ್’. ಅಲ್ಲಿಯವರೆಗೆ ಎಲ್ಲರೂ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಸರಾಸರಿಯನ್ನೇ ಪೂಜಿಸುತ್ತಿದ್ದರು. ವಾಸನ್ ಆ ಸೆಕೆಂಡನ್ನೇ ಬಿಡಿಸಿ, ಒಂದೊಂದು ಫ್ರೇಮ್ ಸಿದ್ಧವಾಗಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ನೋಡಿದರು. ಅವರ ವಾದವನ್ನು ನನ್ನದೇ ಲೆಕ್ಕದಲ್ಲಿ ಹೇಳುವುದಾದರೆ ಹೀಗೆ. ಒಂದು ಸೆಕೆಂಡಿನಲ್ಲಿ 59 ಫ್ರೇಮುಗಳು ತಲಾ 10 ಮಿಲಿಸೆಕೆಂಡಿಗೆ ಬಂದವು, ಕೊನೆಯ ಒಂದಕ್ಕೆ 410 ಮಿಲಿಸೆಕೆಂಡ್ ಹಿಡಿಯಿತು ಎನ್ನೋಣ. ಸರಾಸರಿ ಬರೋಬ್ಬರಿ 60. ಪರದೆಯ ಮೂಲೆಯ ಅಂಕಿ ಎಲ್ಲ ಸರಿಯಿದೆ ಎನ್ನುತ್ತದೆ, ಆಟದಲ್ಲಿ ನೀವು ಸತ್ತಿರುತ್ತೀರಿ. ಕಚೇರಿಯಲ್ಲಿ ಮೃದಂಗದವರು ಒಂದೇ ಒಂದು ಪೆಟ್ಟು ತಡ ಮಾಡಿದರೂ ಸಭೆಗೆ ಗೊತ್ತಾಗುವ ಹಾಗೆ, ಕಣ್ಣಿಗೆ ಗೊತ್ತಾಗುವುದು ಆ ಒಂದು ಫ್ರೇಮ್. ಈ ಬರಹ ಬಂದ ಮೇಲೆ 2013ರಲ್ಲಿ ಎನ್ವಿಡಿಯಾ ಫ್ರೇಮುಗಳ ಅಂತರ ಅಳೆಯುವ ಸಾಧನವನ್ನೇ ಹೊರತಂದಿತು. ಅದೇ ವರ್ಷ ಎಎಂಡಿ ಆ ಅಂತರವನ್ನು ಸಮ ಮಾಡುವ ಡ್ರೈವರ್ ಕೊಟ್ಟಿತು. ಒಬ್ಬ ಪತ್ರಕರ್ತ ಸರಿಯಾದದ್ದನ್ನು ಅಳೆದದ್ದರಿಂದ ನಮ್ಮೆಲ್ಲರ ಆಟ ಸುಧಾರಿಸಿತು.

ಎಂಎಸ್‌ಐ ಆಫ್ಟರ್‌ಬರ್ನರ್ ಉಚಿತ. ಫ್ರೇಮ್ ಟೈಮ್ ಗ್ರಾಫ್, ಕಾರ್ಡಿನ ಉಷ್ಣತೆ, ಕ್ಲಾಕ್ ಮೂರನ್ನೂ ಪರದೆಯ ಮೇಲೆ ತೋರಿಸಿಕೊಂಡು ಆಡಿ. ಮೊದಲ ನಿಮಿಷದಿಂದಲೇ ಗ್ರಾಫ್ ಮುಳ್ಳುಮುಳ್ಳಾಗಿದ್ದರೆ ಬಿಸಿಯನ್ನು ದೂರಬೇಡಿ. ಗೇಮ್ ಹಳೆಯ ಹಾರ್ಡ್‌ಡಿಸ್ಕಿನಲ್ಲಿರಬಹುದು, 4 ಜಿಬಿ ಕಾರ್ಡಿನ ಮೆಮೊರಿ ತುಂಬಿರಬಹುದು, ಶೇಡರ್ ತಯಾರಾಗುತ್ತಿರಬಹುದು. ಗ್ರಾಫ್ ನೇರವಾಗಿದ್ದೂ ಎದುರಾಳಿ ಜಿಗಿಜಿಗಿದು ಕಂಡರೆ ಅದು ಇಂಟರ್‌ನೆಟ್ಟಿನ ತೊಂದರೆ, ಕಂಪ್ಯೂಟರಿನದ್ದಲ್ಲ. ಆದರೆ ಮೊದಲ ಹತ್ತು ಹದಿನೈದು ನಿಮಿಷ ನೀಟಾಗಿ ಓಡಿ, ಉಷ್ಣತೆ ಏರಿದಂತೆ ಕ್ಲಾಕ್ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಫ್ರೇಮ್ ಟೈಮ್ ನಿಧಾನವಾಗಿ ಮೇಲೇರಿದರೆ ಅಪರಾಧಿ ಗಾಳಿ. ಕಾರ್ಡು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತಿದೆ.

ಗಾಳಿಯ ವಿಷಯದಲ್ಲಿ ನಮ್ಮ ಊರಿನ ಒಂದು ಗುಣ ಯಾವ ರಿವ್ಯೂದಲ್ಲೂ ಬರುವುದಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ. ಯಲಹಂಕ, ಹೆಬ್ಬಾಳಗಳದ್ದೂ ಹೆಚ್ಚುಕಡಿಮೆ ಅದೇ ಎತ್ತರ. ಇಷ್ಟು ಮೇಲೆ ಗಾಳಿ ತೆಳು: ಅದೇ ಉಷ್ಣತೆಯ ಚೆನ್ನೈ ಗಾಳಿಗಿಂತ ಸುಮಾರು ಶೇ 10ರಷ್ಟು ಹಗುರ. ಫ್ಯಾನ್ ತಳ್ಳುವುದು ಗಾಳಿಯ ಗಾತ್ರವನ್ನು, ಬಿಸಿಯನ್ನು ಹೊತ್ತೊಯ್ಯುವುದು ಗಾಳಿಯ ತೂಕ. ಹಾಗಾಗಿ ಅದೇ ಫ್ಯಾನ್ ಅದೇ ವೇಗದಲ್ಲಿ ತಿರುಗಿದರೂ ಇಲ್ಲಿ ಕಡಿಮೆ ಬಿಸಿಯನ್ನು ಹೊರಹಾಕುತ್ತದೆ. ಡೇಟಾ ಸೆಂಟರಿನವರಿಗೆ ಇದು ಚೆನ್ನಾಗಿ ಗೊತ್ತು. ಅವರು ಅನುಸರಿಸುವ ಆಶ್ರೇ ಸಂಸ್ಥೆಯ ಮಾರ್ಗಸೂಚಿಯಲ್ಲಿ ಸಾಮಾನ್ಯ ದರ್ಜೆಯ ಸರ್ವರುಗಳಿಗೆ 900 ಮೀಟರ್ ದಾಟಿದ ಮೇಲೆ ಪ್ರತಿ 300 ಮೀಟರಿಗೆ ಒಂದು ಡಿಗ್ರಿಯಂತೆ ಉಷ್ಣತೆಯ ಮಿತಿ ಇಳಿಯುತ್ತದೆ. ನಾವು ಆ ಗೆರೆಯ ಮೇಲೆಯೇ ಮನೆ ಕಟ್ಟಿಕೊಂಡವರು. ತೆಳುಗಾಳಿಯಿಂದ ಆಗುವ ವ್ಯತ್ಯಾಸ ಒಂದೆರಡು ಡಿಗ್ರಿ ಅಷ್ಟೆ. ಜನವರಿಯಲ್ಲಿ ಅದು ಲೆಕ್ಕಕ್ಕಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿತ್ತು. ಅಂಥ ದಿನಗಳಲ್ಲಿ, ಧೂಳು ಮೆತ್ತಿದ ಹೀಟ್‌ಸಿಂಕ್‌ಗೆ, ಆ ಒಂದೆರಡು ಡಿಗ್ರಿಯೂ ಭಾರವೇ.

ಇದರ ಜೊತೆಗೆ ಗಾಜಿನ ಪಂಥ. ಇವರೊಂದಿಗಿನ ನನ್ನ ಜಗಳ ಹಳೆಯದು, ಈಗಲೂ ಬಿಡಲಾರೆ. ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಇಡೀ ಗಾಜು, ಒಳಗೆ ಬಣ್ಣಬಣ್ಣದ ದೀಪ, ಗಾಳಿಗೆ ಅಂಚಿನಲ್ಲಿ ಬೆರಳಗಲದ ಸೀಳು. ಅದರ ಹಿಂದೆ ಮೂರು ಫ್ಯಾನು ಹಾಕಿದರೂ ಅವು ಎಳೆಯುವುದು ಏನನ್ನು? ಜಾಲರಿಯ ಮುಂಭಾಗದ ಸಾದಾ ಕ್ಯಾಬಿನೆಟ್ಟು ಅದಕ್ಕಿಂತ ಅಗ್ಗ, ಅದಕ್ಕಿಂತ ತಣ್ಣಗೆ, ಅದಕ್ಕಿಂತ ಸದ್ದು ಕಡಿಮೆ. ನಮ್ಮ ಮನೆಗಳಲ್ಲಿ ಇನ್ನೊಂದು ಶಾಪವಿದೆ: ಕಂಪ್ಯೂಟರ್ ಟೇಬಲ್ಲಿನ ಕೆಳಗೆ ಬಡಗಿ ಮಾಡಿಕೊಟ್ಟ ‘ಸಿಪಿಯು ಗೂಡು’. ಮೂರು ಕಡೆ ಪ್ಲೈವುಡ್, ಮುಂದೆ ಬಾಗಿಲು. ಹಿಂದಿನಿಂದ ಹೊರಬಿದ್ದ ಬಿಸಿ ಗಾಳಿ ಗೋಡೆಗೆ ಬಡಿದು ತಿರುಗಿ ಮುಂದಿನಿಂದ ಒಳಗೇ ಬರುತ್ತದೆ. ಕಂಪ್ಯೂಟರನ್ನು ಆ ಗೂಡಿನಿಂದ ಈಚೆ ಎಳೆಯಿರಿ. ಖರ್ಚಿಲ್ಲದ ಇಂಥ ದುರಸ್ತಿ ಇನ್ನೊಂದಿಲ್ಲ.

ಧೂಳಿನ ಬಗ್ಗೆ ಈ ಭಾಗದವರಿಗೆ ಹೇಳಬೇಕಿಲ್ಲ. ಹೆಬ್ಬಾಳದಲ್ಲಿ ಮೆಟ್ರೊ, ಮೇಲ್ಸೇತುವೆ ಕಾಮಗಾರಿ. ಯಶವಂತಪುರದ ಆಚೆ ಪೀಣ್ಯದ ಕಾರ್ಖಾನೆಗಳು. ಆಯುಧಪೂಜೆಯ ದಿನ ಕಂಪ್ಯೂಟರನ್ನು ಹೊರಗಿನಿಂದ ಒರೆಸಿ ಕುಂಕುಮವಿಟ್ಟು ಹೂ ಮುಡಿಸುತ್ತೇವೆ. ಪಕ್ಕದ ಬಾಗಿಲು ತೆರೆದು ಒಳಗನ್ನೂ ಅಷ್ಟೇ ಭಕ್ತಿಯಿಂದ ನೋಡಿಕೊಂಡರೆ ಅರ್ಧ ಪತ್ರಗಳು ನನಗೆ ಬರುತ್ತಲೇ ಇರಲಿಲ್ಲ. ಪ್ಲಗ್ ತೆಗೆದು, ಬಾಲ್ಕನಿಗೆ ಒಯ್ದು, ಬ್ಲೋವರ್‌ನಿಂದ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡಿರಿ, ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಫಿಲ್ಟರ್ ಜಾಲರಿಯನ್ನು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಹೊರಗೆಸೆಯುವ ಫ್ಯಾನಿಗಿಂತ ಒಳಗೆಳೆಯುವ ಫ್ಯಾನು ಒಂದು ಹೆಚ್ಚಿರಲಿ, ಆಗ ಧೂಳು ಸಂದಿಗೊಂದಿಯಿಂದ ನುಗ್ಗದೆ ಫಿಲ್ಟರಿನಲ್ಲೇ ಸಿಕ್ಕಿಬೀಳುತ್ತದೆ. ಐದಾರು ವರ್ಷ ಹಳೆಯ ಯಂತ್ರವಾದರೆ ಪ್ರೊಸೆಸರಿನ ಮೇಲಿನ ಪೇಸ್ಟ್ ಒಣಗಿರುತ್ತದೆ, ಅದನ್ನೂ ಬದಲಿಸಿ. ರೈಜನ್ 7000 ಸಾಲಿನವರು 95 ಡಿಗ್ರಿ ಕಂಡು ಗಾಬರಿಯಾಗಬೇಡಿ, ಪೂರ್ತಿ ಹೊರೆ ಬಿದ್ದಾಗ ಅಲ್ಲಿಯವರೆಗೆ ಹೋಗುವಂತೆಯೇ ಅದನ್ನು ಮಾಡಿದ್ದಾರೆ.

ಇಷ್ಟೆಲ್ಲ ಮಾಡುವ ಮೊದಲು ಒಂದು ಪರೀಕ್ಷೆ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಿಟ್ಟು, ಟೇಬಲ್ ಫ್ಯಾನನ್ನು ನೇರ ಒಳಗೆ ತಿರುಗಿಸಿ, ಅದೇ ಗೇಮಿನ ಅದೇ ಜಾಗವನ್ನು ಅರ್ಧ ಗಂಟೆ ಆಡಿ. ಗ್ರಾಫ್ ನೇರವಾದರೆ ನಿಮ್ಮ ಕಾರ್ಡು ಗಟ್ಟಿಯಾಗಿದೆ, ದುಡ್ಡು ಬ್ಯಾಂಕಿನಲ್ಲೇ ಇರಲಿ. ಆಗದಿದ್ದರೆ ನನಗೆ ಬರೆಯಿರಿ. ಬರೆಯುವಾಗ ಕಾರ್ಡಿನ ಹೆಸರೊಂದೇ ಸಾಲದು. ಫ್ರೇಮ್ ಟೈಮ್ ಗ್ರಾಫಿನ ಚಿತ್ರ, ಆ ಹೊತ್ತಿನ ಕೋಣೆಯ ಉಷ್ಣತೆ, ಕ್ಯಾಬಿನೆಟ್ ಇಟ್ಟಿರುವ ಜಾಗದ ಒಂದು ಫೋಟೊ, ಮೂರನ್ನೂ ಕಳುಹಿಸಿ.