ಮಗ ಮುಗಿಸದ ದಾರಿ: ‘ದ ವೇ’ ನೋಡಿದ ಮೇಲೆ

ಅಪ್ಪನ ಜೊತೆ ನೀವು ಫೋನಿನಲ್ಲಿ ಎಷ್ಟು ಹೊತ್ತು ಮಾತಾಡ್ತೀರಿ? ನಮ್ಮದು ನಾಲ್ಕು ನಿಮಿಷ. ಊಟ ಆಯ್ತಾ, ಅಲ್ಲಿ ಚಳಿನಾ, ತಗೋ ಅಮ್ಮನಿಗೆ ಕೊಡ್ತೀನಿ. ಎಮಿಲಿಯೊ ಎಸ್ಟೆವೆಜ್ ನಿರ್ದೇಶಿಸಿದ ‘ದ ವೇ’ (2010) ನನ್ನನ್ನು ಹಿಡಿದು ಕೂರಿಸಿದ್ದು ಇದೇ ಕಾರಣಕ್ಕೆ.

ಟಾಮ್ ಕ್ಯಾಲಿಫೋರ್ನಿಯಾದ ಕಣ್ಣಿನ ಡಾಕ್ಟರು. ಓದು ಬಿಟ್ಟು ಲೋಕ ಸುತ್ತಲು ಹೊರಟ ಮಗ ಡೇನಿಯಲ್ ಮೇಲೆ ಅವನಿಗೆ ಅಸಮಾಧಾನ. ಅಪೊಸ್ತಲ ಯಾಕೋಬನ ಸಮಾಧಿ ಇದೆಯೆಂದು ನಂಬುವ ಸ್ಪೇನಿನ ಸಾಂತಿಯಾಗೊಗೆ ಯಾತ್ರೆ ಹೊರಟ ಮಗ, ಮೊದಲ ದಿನವೇ ಪಿರೆನೀಸ್ ಬೆಟ್ಟಗಳಲ್ಲಿ ಸಾಯುತ್ತಾನೆ. ದೇಹ ತರಲು ಹೋದ ಅಪ್ಪ ಅಲ್ಲೇ ದಹನ ಮಾಡಿಸಿ, ಮಗನದೇ ಬ್ಯಾಗು ಹೊತ್ತು, ಬೂದಿಯ ಜೊತೆ ಸುಮಾರು 800 ಕಿ.ಮೀ. ನಡೆಯುತ್ತಾನೆ. ಅಪ್ಪನ ಪಾತ್ರದಲ್ಲಿರೋದು ನಿರ್ದೇಶಕನ ಸ್ವಂತ ಅಪ್ಪ ಮಾರ್ಟಿನ್ ಶೀನ್. ಮಗನಾಗಿ ಎಸ್ಟೆವೆಜ್.

ನಮ್ಮಲ್ಲಿ ಅಸ್ಥಿ ಬಿಡೋದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಂಥ ಒಂದು ಜಾಗದಲ್ಲಿ, ಅದೂ ಸಾಮಾನ್ಯವಾಗಿ ಮಗ ಅಪ್ಪನಿಗಾಗಿ. ಇಲ್ಲಿ ಎರಡೂ ತಿರುವುಮುರುವು. ಟಾಮ್ ದಾರಿಯುದ್ದಕ್ಕೂ ಹಿಡಿಹಿಡಿಯಾಗಿ ಮಗನನ್ನು ಬಿಟ್ಟುಕೊಡುತ್ತಾನೆ. ಸಿನಿಮಾದ ಜೀವ ಇರೋದು ಈ ಕ್ಷಣಗಳಲ್ಲಿ.

ನನ್ನ ತಕರಾರು ಬೆಟ್ಟದ್ದು. ಸ್ಯಾನ್-ಝಾನ್-ಪ್ಯೆ-ದ-ಪೋರ್‌ನಿಂದ ರೊನ್ಸೆಸ್ವಾಯೆಸ್‌ವರೆಗಿನ ಆ ಮೊದಲ ದಿನದ ಸುಮಾರು 25 ಕಿ.ಮೀ. ನಾನೂ ನಡೆದಿದ್ದೇನೆ. 1,200 ಮೀಟರಿಗೂ ಹೆಚ್ಚು ಏರು. ಮಂಜಿನಲ್ಲಿ ಕುರಿಗಳ ಗಂಟೆ ಕೇಳ್ತಿತ್ತು, ಕುರಿ ಕಾಣ್ತಿರಲಿಲ್ಲ. ಕೊನೆಯ ಇಳಿಜಾರಿನಲ್ಲಿ ಮಂಡಿ ನಡುಗಿ ಮೂರು ಸಲ ಕೂತೆ. ಅರವತ್ತು ದಾಟಿದ ಟಾಮ್ ದಣಿಯೋದು ಕಾಣೋದೇ ಅಪರೂಪ. ಹಾಡೊಂದು ಬರುತ್ತೆ, ಬೆಟ್ಟ, ಹೊಲ ಸರಿದು ಹೋಗುತ್ತವೆ. ಮಗನನ್ನು ಕೊಂದ ಬೆಟ್ಟ ಅಪ್ಪನಿಗೆ ಇಷ್ಟು ಸಲೀಸಾದರೆ ಹೇಗೆ?

ಜೊತೆಗಾರರದೂ ಅದೇ ಕಥೆ. ತೂಕ ಇಳಿಸಬೇಕೆನ್ನುವ ಡಚ್ಚಿನವ, ಸಿಗರೇಟು ಬಿಡಬೇಕೆನ್ನುವ ಕೆನಡಾದವಳು, ಬರೆಯೋಕಾಗದ ಐರಿಷ್ ಲೇಖಕ: ಒಬ್ಬೊಬ್ಬರಿಗೆ ಒಂದೊಂದು ಲೇಬಲ್. ಡೇಟಾ ಕೆಲಸದಲ್ಲಿ ನಾನು ದಿನಾ ಅಂಟಿಸೋದೂ ಇಂಥವನ್ನೇ.

ಆದರೆ ಒಂದು ಕಡೆ ಬ್ಯಾಗು ಸೇತುವೆಯಿಂದ ಹೊಳೆಗೆ ಬೀಳುತ್ತೆ. ಬೂದಿ ಅದರೊಳಗಿದೆ. ಮುದುಕ ಹಿಂದೆಮುಂದೆ ನೋಡದೆ ನೀರಿಗಿಳಿಯುತ್ತಾನೆ. ಅಲ್ಲಿ ಸಂಗೀತ, ಸಂಭಾಷಣೆ ಯಾವುದೂ ಬೇಡ. ಅಪ್ಪ ಕಾಣುತ್ತಾನೆ.

ಅವತ್ತು ರೊನ್ಸೆಸ್ವಾಯೆಸ್‌ನಿಂದ ನಮ್ಮಪ್ಪನಿಗೆ ಫೋನ್ ಮಾಡಿದ್ದೆ. ‘ದುಡ್ಡು ಕೊಟ್ಟು ಯಾಕೋ ಕಷ್ಟಪಡ್ತೀಯ?’ ಅಂದರು. ನನಗೆ ರೇಗಿತ್ತು, ಸುಮ್ಮನೆ ಇಟ್ಟುಬಿಟ್ಟೆ. ಟಾಮ್ ಕೇಳುವುದೂ ಇದೇ ಪ್ರಶ್ನೆ. ಆದರೆ ಉತ್ತರ ಹೇಳಬೇಕಾದವನು ಹೋದ ಮೇಲೆ. ನಮ್ಮಪ್ಪ ಇನ್ನೂ ಕೇಳ್ತಿದ್ದಾರೆ. ಈ ಭಾನುವಾರ ನಾಲ್ಕು ನಿಮಿಷ ಸಾಲೋದಿಲ್ಲ.