ನೆಗಡಿಗೆ ಮೂಗು ಕೊಯ್ಯುವ ನ್ಯಾಯ

ಯೂಟ್ಯೂಬ್‌ನಲ್ಲಿ ಸಿನಿಮಾ ವಿಮರ್ಶೆ ಮಾಡುವವರಿಗೆ ‘ಕ್ಲೇಮ್’ ಬಂದರೆ ಬೇಸರ, ‘ಸ್ಟ್ರೈಕ್’ ಬಂದರೆ ನಡುಕ. ಕ್ಲೇಮ್ ಬಂದಾಗ ಸಾಮಾನ್ಯವಾಗಿ ವಿಡಿಯೊ ಉಳಿಯುತ್ತದೆ, ಜಾಹೀರಾತಿನ ಹಣ ಹಕ್ಕುದಾರರ ಪಾಲಾಗುತ್ತದೆ. ಸ್ಟ್ರೈಕ್ ಬಂತೆಂದರೆ ವಿಡಿಯೊ ಹೋಗುವುದಷ್ಟೇ ಅಲ್ಲ, ಚಾನೆಲ್ ಮೇಲೂ ಕಪ್ಪುಚುಕ್ಕೆ ಬೀಳುತ್ತದೆ. 90 ದಿನಗಳೊಳಗೆ ಅಂಥವು ಮೂರಾದರೆ ಚಾನೆಲ್ಲೇ ರದ್ದಾಗಬಹುದು. ಯಾರ ತಕರಾರೂ ಇಲ್ಲದ ಹಳೆಯ ವಿಡಿಯೊಗಳೂ ಅದರ ಜೊತೆಗೇ ಮುಳುಗುತ್ತವೆ. ಕೃತಿಸ್ವಾಮ್ಯ ಕಾಯಲೆಂದು ಬಂದ ಈ ಪದ್ಧತಿಯಲ್ಲಿ ವಿಡಿಯೊ ತೆಗೆಸುವ ಭಾಗವನ್ನು ಒಪ್ಪಬಹುದು. ಅದಕ್ಕಾಗಿ ಇಡೀ ಚಾನೆಲನ್ನು ಒತ್ತೆ ಇಟ್ಟುಕೊಳ್ಳುವುದನ್ನು ಒಪ್ಪಲಾಗದು.

ಮೊದಲು ಪದ್ಧತಿಯ ಗುಣ ಹೇಳಬೇಕು. ಇದರ ಬೇರು ಇರುವುದು ಅಮೆರಿಕದ 1998ರ ಡಿಜಿಟಲ್ ಮಿಲೆನಿಯಮ್ ಕಾಪಿರೈಟ್ ಕಾಯ್ದೆಯಲ್ಲಿ. ಹಕ್ಕುದಾರರ ನೋಟಿಸ್ ಬಂದೊಡನೆ ವಿಡಿಯೊ ತೆಗೆದುಬಿಟ್ಟರೆ ವೇದಿಕೆಯ ಮೇಲೆ ಹೊಣೆ ಬಾರದು ಎಂಬ ಈ ಏರ್ಪಾಡು ಇಲ್ಲದಿದ್ದರೆ ಜನಸಾಮಾನ್ಯರ ವಿಡಿಯೊಗಳಿಗೆ ಜಾಗ ಕೊಡಲು ಯಾವ ಕಂಪನಿಯೂ ಧೈರ್ಯ ಮಾಡುತ್ತಿರಲಿಲ್ಲ. ಬಿಡುಗಡೆಯಾದ ರಾತ್ರಿಯೇ ಇಡೀ ಚಿತ್ರವನ್ನು ಅಪ್‌ಲೋಡ್ ಮಾಡುವವರ ಎದುರು ಸಣ್ಣ ನಿರ್ಮಾಪಕನ ಕೈಗೆ ಸಿಗುವ ಮೊದಲ ಅಸ್ತ್ರವೂ ಇದೇ. ‘ಕೃಪೆ’ ಎಂದು ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಾಗುವುದಿಲ್ಲ. ಹತ್ತು ಸೆಕೆಂಡಿನೊಳಗಿದ್ದರೆ ತಪ್ಪಿಲ್ಲ ಎಂಬ ನಿಯಮವೂ ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲ.

ದೋಷ ಎಣಿಕೆಯಲ್ಲಿದೆ. ಮತ್ತೆ ಮತ್ತೆ ಉಲ್ಲಂಘಿಸುವವರ ಖಾತೆ ಮುಚ್ಚುವ ನೀತಿ ಇರಬೇಕೆಂದು ಅಮೆರಿಕದ ಆ ಕಾಯ್ದೆ ಹೇಳುತ್ತದೆ. ವೇದಿಕೆ ಮಾತ್ರ ಉಲ್ಲಂಘನೆ ಸಾಬೀತಾಗುವವರೆಗೆ ಕಾಯದೆ, ಬಂದ ದೂರುಗಳನ್ನೇ ಎಣಿಸುತ್ತದೆ. ದೂರು ಎಷ್ಟು ಹಗುರವಾಗಿರಬಹುದು ಎಂಬುದಕ್ಕೆ 2007ರ ಪ್ರಕರಣವೇ ಸಾಕ್ಷಿ. ಪೆನ್ಸಿಲ್ವೇನಿಯಾದ ತಾಯಿಯೊಬ್ಬಳು, ಗಾಯಕ ಪ್ರಿನ್ಸ್‌ನ ಹಾಡಿಗೆ ತನ್ನ ಪುಟ್ಟ ಮಗು ಕುಣಿಯುವ 29 ಸೆಕೆಂಡುಗಳ ವಿಡಿಯೊ ಹಾಕಿದ್ದಳು. ಯೂನಿವರ್ಸಲ್ ಕಂಪನಿ ಅದನ್ನೂ ತೆಗೆಸಿತು. ನೋಟಿಸ್ ಕಳಿಸುವ ಮುನ್ನ ನ್ಯಾಯೋಚಿತ ಬಳಕೆಯೇ ಎಂದು ಯೋಚಿಸಲೇಬೇಕು ಎಂದು ಮೇಲ್ಮನವಿ ನ್ಯಾಯಾಲಯ ಹೇಳುವಷ್ಟರಲ್ಲಿ 2015 ಬಂದಿತ್ತು. ಅದರಲ್ಲೂ, ಅದು ನ್ಯಾಯೋಚಿತ ಬಳಕೆಯಲ್ಲವೆಂದು ಹಕ್ಕುದಾರರು ಪ್ರಾಮಾಣಿಕವಾಗಿ ನಂಬಿದ್ದರೆ ಸಾಕು, ಆ ನಂಬಿಕೆ ತಪ್ಪಾಗಿದ್ದರೂ ಅವರು ಹೊಣೆಗಾರರಲ್ಲ ಎಂಬ ವಿನಾಯಿತಿ ಉಳಿಯಿತು.

ಭಾರತದ ಕಾನೂನು ಈ ವಿಷಯದಲ್ಲಿ ತುಸು ಹೆಚ್ಚು ನ್ಯಾಯಯುತವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ವಿಮರ್ಶೆಗೆ, ಪ್ರಚಲಿತ ವಿದ್ಯಮಾನಗಳ ವರದಿಗೆ ನ್ಯಾಯೋಚಿತ ಬಳಕೆಯ ಅವಕಾಶ ಕೊಟ್ಟಿದೆ. 2012ರ ತಿದ್ದುಪಡಿಯ ಪ್ರಕಾರ ದೂರುದಾರರು 21 ದಿನಗಳೊಳಗೆ ನ್ಯಾಯಾಲಯದ ಆದೇಶ ತರಬೇಕು. ತಾರದಿದ್ದರೆ ವೇದಿಕೆ ವಿಡಿಯೊವನ್ನು ಮತ್ತೆ ತೋರಿಸಬಹುದು. ಅಂದರೆ ಕೋರ್ಟಿನ ಮೆಟ್ಟಿಲು ಹತ್ತುವ ಭಾರ ದೂರಿದವರದು. ಆದರೆ ಸ್ಟ್ರೈಕ್ ನಡೆಯುವುದು ಕಂಪನಿಯ ನಿಯಮದಂತೆ. ಹಾವೇರಿಯಲ್ಲಿ ಕೂತು ವಿಡಿಯೊ ಮಾಡುವವನು ಸ್ಟ್ರೈಕ್ ವಿರುದ್ಧ ಪ್ರತಿ ನೋಟಿಸ್ ಕೊಡಬೇಕಾದರೆ, ಕ್ಯಾಲಿಫೋರ್ನಿಯಾದ ನ್ಯಾಯಾಲಯದ ವ್ಯಾಪ್ತಿಗೆ ಒಳಪಡುತ್ತೇನೆಂದು ಒಪ್ಪಬೇಕು. ಅದನ್ನು ಓದಿದ ಮೇಲೂ ಮುಂದುವರಿಯುವವರು ಎಷ್ಟು ಮಂದಿ?

ಹೀಗೆ ಹುಟ್ಟಿದ ಭಯಕ್ಕೆ ಬೆಲೆ ಕಟ್ಟಬಹುದು. 2025ರಲ್ಲಿ ಸುದ್ದಿಸಂಸ್ಥೆ ಎಎನ್‌ಐ ತನ್ನ ದೃಶ್ಯದ ತುಣುಕುಗಳಿಗಾಗಿ ಸ್ಟ್ರೈಕ್ ಹಾಕಿ, ಪರವಾನಗಿಯ ಹೆಸರಿನಲ್ಲಿ ಲಕ್ಷಾಂತರ ರೂಪಾಯಿ ಕೇಳುತ್ತಿದೆ ಎಂದು ಹಲವು ಯೂಟ್ಯೂಬರ್‌ಗಳು ಆರೋಪಿಸಿದರು. ತನ್ನ ಹಕ್ಕನ್ನು ಕಾನೂನಿನಂತೆ ಕಾಪಾಡಿಕೊಳ್ಳುತ್ತಿದ್ದೇನೆ ಎಂಬುದು ಸಂಸ್ಥೆಯ ನಿಲುವು. ಯಾರ ಮಾತು ಸರಿಯಾದರೂ ಒಂದು ಸಂಗತಿ ಬದಲಾಗದು: ಆ ಮಾತುಕತೆಯಲ್ಲಿ ತುಣುಕಿನ ಬೆಲೆಯ ಜೊತೆಗೆ ಚಾನೆಲ್ ಉಳಿಸಿಕೊಳ್ಳುವ ಬೆಲೆಯೂ ಸೇರಿಕೊಳ್ಳುತ್ತದೆ.

ಬೆಂಗಳೂರಿನಲ್ಲೇ ಇದಕ್ಕೊಂದು ಒರೆಗಲ್ಲು ಸಿಕ್ಕಿತ್ತು. 2022ರ ನವೆಂಬರ್‌ನಲ್ಲಿ ‘ಕೆಜಿಎಫ್ 2’ ಚಿತ್ರದ ಸಂಗೀತವನ್ನು ಭಾರತ ಜೋಡೊ ಯಾತ್ರೆಯ ವಿಡಿಯೊಗಳಿಗೆ ಬಳಸಿದ್ದಾರೆಂದು ಎಂಆರ್‌ಟಿ ಮ್ಯೂಸಿಕ್ ಮೊಕದ್ದಮೆ ಹೂಡಿತು. ಕೆಳ ನ್ಯಾಯಾಲಯ ಕಾಂಗ್ರೆಸ್ಸಿನ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯುವಂತೆ ಆದೇಶಿಸಿತು. ನೆಗಡಿಯಾಯಿತೆಂದು ಮೂಗು ಕೊಯ್ದಂತೆ. ಮರುದಿನವೇ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿ, ತಕರಾರಿನ ವಿಡಿಯೊಗಳನ್ನು ತೆಗೆಯಬೇಕೆಂಬ ಷರತ್ತು ಹಾಕಿತು. ಹಕ್ಕುದಾರರಿಗೆ ಬೇಕಾದ ರಕ್ಷಣೆ ಸಿಕ್ಕಿತು, ಖಾತೆಯೂ ಉಳಿಯಿತು. ರಾಷ್ಟ್ರೀಯ ಪಕ್ಷಕ್ಕೆ ಒಂದೇ ದಿನದಲ್ಲಿ ಸಿಕ್ಕ ಈ ವಿವೇಕ ಒಂಟಿ ಯೂಟ್ಯೂಬರ್‌ಗೆ ಸಿಗುವುದಿಲ್ಲ. ಅವನ ಎದುರಿಗಿರುವುದು ಒಂದು ಅರ್ಜಿ ನಮೂನೆ ಮಾತ್ರ.

ಆದ್ದರಿಂದ ನೋಟಿಸ್ ಪದ್ಧತಿ ಇರಲಿ, ಲೆಕ್ಕ ಬದಲಾಗಲಿ. ಪ್ರತಿ ನೋಟಿಸ್ ಕೊಟ್ಟ ವಿಡಿಯೊವನ್ನು ನ್ಯಾಯಾಲಯ ತಪ್ಪೆನ್ನುವವರೆಗೂ ಸ್ಟ್ರೈಕ್ ಎಂದು ಎಣಿಸಬಾರದು. ಭಾರತದವರಿಬ್ಬರ ಜಗಳ ಭಾರತದ ನ್ಯಾಯಾಲಯದಲ್ಲೇ ತೀರಬೇಕು. ವಿಮರ್ಶೆಗೋ ವರದಿಗೋ ಬಳಸಿದ್ದೇ ಎಂದು ಪರಿಶೀಲಿಸಿದ್ದೇನೆಂದು ದೂರುದಾರರು ಬರೆದು ಸಹಿ ಹಾಕಬೇಕು. ಸುಳ್ಳಾದರೆ ದಂಡ ತೆರಬೇಕು. ಇಷ್ಟಾದರೆ ಕದ್ದವರಿಗೆ ಏನೂ ಲಾಭವಿಲ್ಲ. ಹೆದರಿಸಿ ಹಣ ಕೇಳುವವರಿಗೆ ಮಾತ್ರ ನಷ್ಟ.